ಚಿನ್ನ ಎನ್ನಬಾರದ ಮನೆ

ಸಂತೆಬಾಚಹಳ್ಳಿ ಹೋಬಳಿಯ ಚರಿತ್ರೆಯನ್ನು ಯಾರಾದರೂ ಪುಣ್ಯಾತ್ಮರು ಬರೆಯಲು ಕೂತರೆ, ಹೊಯ್ಸಳರು ಬಂದದ್ದು, ಹೋದದ್ದು, ಕರೆಂಟು ಬಂದದ್ದು, ಆಗಾಗ ಹೋದದ್ದು, ಇವೆಲ್ಲದರ ಜೊತೆಗೆ ಒಂದು ಸೋಮವಾರವನ್ನೂ ಬರೆದಿಡಬೇಕಾಗುತ್ತದೆ. ತೊಂಬತ್ತಾರನೆಯ ಇಸವಿ, ಶ್ರಾವಣ ಮಾಸ. ಆಚಾರ್ರ ಕೊಪ್ಪಲಿನ ಬಸ್ಸು ನಿಲ್ಲುವ ಅರಳಿಮರ. ಆ ದಿನ ಅಲ್ಲಿ, ಹಾಡಹಗಲಿನಲ್ಲಿ, ನೆರೆದ ಮಂದಿಯ ಎದುರಿಗೆ, ಮದುವೆಯಾಗಿ ಇನ್ನೂ ವರ್ಷ ತುಂಬದ ವೀಣ ಎಂಬ ಸೊಸೆ ತನ್ನ ಗಂಡನನ್ನು ಹೆಸರು ಹಿಡಿದು ಕೂಗಿದಳು.

ಕೂಗಿದ್ದಕ್ಕೆ ಕಾರಣ ಒಂದು ಟಿಫಿನ್ ಕ್ಯಾರಿಯರು. ಅವಳ ಗಂಡ ಸುಬ್ರಹ್ಮಣ್ಯ ಪಾಂಡವಪುರದ ಒಂದು ಬ್ಯಾಂಕಿನಲ್ಲಿ, ಜನ ಅಡವಿಡಲು ತರುವ ಒಡವೆಗಳನ್ನು ಒರೆಗಲ್ಲಿಗೆ ಉಜ್ಜಿ ಗುಣ ಹೇಳುವ ಕೆಲಸದಲ್ಲಿದ್ದ. ಅವತ್ತು ಊಟದ ಕ್ಯಾರಿಯರನ್ನು ಜಗಲಿಯ ಮೇಲೆ ಮರೆತು ಬಸ್ಸು ಹತ್ತಿದ್ದ. ವೀಣ ಅದನ್ನು ಹಿಡಿದು ಓಡಿ ಬರುವ ಹೊತ್ತಿಗೆ ಕಂಡಕ್ಟರು ಸೀಟಿ ಊದಿ ಆಗಿತ್ತು.

"ಸುಬ್ರಹ್ಮಣ್ಯಾ! ಏ ಸುಬ್ರಹ್ಮಣ್ಯಾ, ಕ್ಯಾರಿಯರ್ ಬಿಟ್ಟು ಹೋಗ್ತಿದ್ದೀಯ!"

ಬಸ್ಸಿನ ಮೂರು ಕಿಟಕಿಗಳಿಂದ ಮೂರು ತಲೆಗಳು ಹೊರಬಂದವು. ಅಕ್ಕಸಾಲಿಗರು, ಬಡಗಿಗಳು, ಕಮ್ಮಾರರು ತುಂಬಿದ ಆ ಕೊಪ್ಪಲಿನಲ್ಲಿ ಸುಬ್ರಹ್ಮಣ್ಯರಿಗೆ ಬರವಿರಲಿಲ್ಲ. ಸರಿಯಾದ ತಲೆ ಕ್ಯಾರಿಯರನ್ನು ಈಸಿಕೊಂಡು, ಕೆಂಪಗಾಗಿ ಒಳಗೆ ಹೋಯಿತು. ತಪ್ಪಿದ ಎರಡು ತಲೆಗಳು ಪಾಂಡವಪುರ ಬರುವವರೆಗೂ ಅದೇ ಮಾತನ್ನು ಜಗಿದವು.

ಸುದ್ದಿ ವೀಣಳಿಗಿಂತ ಮೊದಲು ಮನೆ ಮುಟ್ಟಿತು. ಹೊತ್ತು ತಂದವಳು ಪಕ್ಕದ ಮನೆಯ ಯಶೋದಮ್ಮ.

"ವೆಂಕಟಕ್ಕೋ! ನಿನ್ ಸೊಸೆ ಅರಳಿಮರದ್ ತಾವ ನಿಂತ್ಕಂಡು ಗಂಡನ್ ಎಸ್ರ ಇಡ್ದು ಕೂಗುದ್ಲು ಕಣಕ್ಕೋ! ಅದೂ ಏನು, ಬನ್ನಿ ಓಗಿ ಅಂತ್ಲಾ? 'ಏ' ಅಂದ್ಲು. ದನೀನಾದ್ರೂ 'ಬಾರವ್ವ' ಅಂತೀವಿ ನಾವು."

ಅತ್ತೆ ವೆಂಕಟಮ್ಮ ಒಲೆಯ ಮುಂದಿದ್ದರು. ಆ ಸೀಮೆಯ ಬಾಯಲ್ಲಿ ಹೆಸರಿಗೂ, ಮುದ್ದೆಗೆಂದು ಇಡುವ ಎಸರಿಗೂ ಉಚ್ಚಾರ ಒಂದೇ. ಅವತ್ತು ಎರಡೂ ಕುದಿದವು. ಹಿಟ್ಟಿನ ದೊಣ್ಣೆಯನ್ನು ಕೈಯಲ್ಲಿ ಹಿಡಿದೇ ಅವರು ಬಾಗಿಲಿಗೆ ಬಂದು ನಿಂತರು. ವೀಣ ಏದುಸಿರು ಬಿಡುತ್ತಾ ಬಂದಳು.

"ಎಸ್ರು ಕೂಗುದ್ಯೇನಮ್ಮಿ?"

"ಬಸ್ಸು ಹೊರಟು ಹೋಗ್ತಿತ್ತಲ್ಲತ್ತೆ. ಮತ್ತೇನಂತ ಕೂಗ್ಲಿ?"

"ಇಕಾ ಅನ್ನು. ಇಲ್ನೋಡಿ ಅನ್ನು. ಕೆಮ್ಮು."

"ಬಸ್ಸಿಗೆ ಕೆಮ್ಮಿದ್ರೆ ನಿಲ್ಲುತ್ತಾ ಅತ್ತೆ?"

ಯಶೋದಮ್ಮ ಕಿಸಕ್ಕನೆ ನಕ್ಕುಬಿಟ್ಟಳು. ನಗೆ ಯಾರ ಪರವಾಗಿತ್ತೋ, ಬೆಂಕಿ ಮಾತ್ರ ಸರಿಯಾದ ಕಡೆಗೆ ಹತ್ತಿತು. ಅವತ್ತು ಮಧ್ಯಾಹ್ನ ವೆಂಕಟಮ್ಮ ಸೊಸೆ ಬಡಿಸಿದ್ದನ್ನು ಮುಟ್ಟಲಿಲ್ಲ.

ಶ್ರೀರಂಗಪಟ್ಟಣದ ಪೇಟೆಯಲ್ಲಿ ಬೆಳೆದ ಹುಡುಗಿಗೆ ಇಷ್ಟು ರಂಪ ಏಕೆಂದು ಅರ್ಥವಾಗಲಿಲ್ಲ. ಅವಳ ಅಪ್ಪ ಬಡಗಿ. ಬಸ್ಸುಗಳಿಗೆ ಮೈ ಕಟ್ಟುವ ಶೆಡ್ಡಿನಲ್ಲಿ ಕೆಲಸ. ಅವಳ ಅಮ್ಮ ಅವನನ್ನು ಹೆಸರು ಹಿಡಿಯದಿದ್ದರೂ 'ರೀ' ಎಂದು ಬೀದಿಗೆ ಕೇಳುವಂತೆ ಕರೆಯುತ್ತಿದ್ದಳು. ವೀಣ ಬಿ.ಎ. ಓದುವಾಗ ಹುಡುಗರನ್ನೆಲ್ಲ ಹೆಸರು ಹಿಡಿದೇ ಕರೆದಿದ್ದಳು. ಆಮೇಲೆ ಒಬ್ಬನ ಜೊತೆ ಮದುವೆಯಾದ ಮಾತ್ರಕ್ಕೆ ಅವನೊಬ್ಬನ ಹೆಸರು ಬಾಯಿಂದ ಕಳಚಿ ಬೀಳಬೇಕು ಎಂಬುದನ್ನು ಯಾವ ಪಠ್ಯದಲ್ಲೂ ಹೇಳಿರಲಿಲ್ಲ.

ವೆಂಕಟಮ್ಮನ ಪಠ್ಯವೇ ಬೇರೆ. ಅದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನ ಅನಾಹುತವೆಲ್ಲ ಅದರಲ್ಲೇ ಅಡಗಿದೆ.

ಗಂಡನ ಹೆಸರು ಹೇಳಬಾರದು ಎಂಬುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಈ ಮನೆಯಲ್ಲಿ ಅದು ಒಂದು ಹೆಜ್ಜೆ ಮುಂದೆ ಹೋಗಿತ್ತು. ಹೆಸರಿನಲ್ಲಿರುವ ಪದಾರ್ಥವನ್ನೂ ಹೇಳುವಂತಿಲ್ಲ. ಗಂಡನದ್ದಷ್ಟೇ ಅಲ್ಲ, ಮಾವನದ್ದೂ ಇಲ್ಲ, ಭಾವನದ್ದೂ ಇಲ್ಲ. ಬೇರೆ ಮನೆಯಲ್ಲಾಗಿದ್ದರೆ ಇದರಿಂದ ದೊಡ್ಡ ನಷ್ಟವಿರಲಿಲ್ಲ. ಆದರೆ ಇದು ಅಕ್ಕಸಾಲಿಗರ ಮನೆ. ವೆಂಕಟಮ್ಮನ ಮಾವನ ಹೆಸರು ಬಂಗಾರಾಚಾರಿ. ಭಾವನ ಹೆಸರು ಹೊನ್ನಾಚಾರಿ. ಗಂಡನ ಹೆಸರು ಚಿನ್ನಾಚಾರಿ. ಆ ಒಂದು ಲೋಹಕ್ಕೆ ಕನ್ನಡಿಗರು ಬಾಯ್ತುಂಬ ಆಡುವ ಮೂರು ಮಾತನ್ನೂ ಈ ವಂಶ ತನ್ನ ಗಂಡಸರ ಮೇಲೆ ಹಾಕಿ ಮುಗಿಸಿತ್ತು. ಹೆಂಗಸರಿಗೆ ಒಂದನ್ನೂ ಉಳಿಸಿರಲಿಲ್ಲ.

ಹಾಗಾಗಿ ಹದಿನಾರನೆಯ ವಯಸ್ಸಿಗೆ ನಾಗಮಂಗಲದ ಕಡೆಯಿಂದ ಈ ಮನೆಗೆ ಬಂದ ವೆಂಕಟಮ್ಮನಿಗೆ ಅತ್ತೆ ಪುಟ್ಟಗೌರಮ್ಮ ಮೊದಲು ಕಲಿಸಿದ್ದು ಅಡುಗೆಯನ್ನಲ್ಲ, ಭಾಷೆಯನ್ನು. ಚಿನ್ನವನ್ನು 'ಹಳದಿ' ಎನ್ನಬೇಕು. ಬಾಯಲ್ಲಿ ಅದು 'ಅಳದಿ' ಆಯಿತು. ಗಿರಾಕಿ ಬಂದು, "ಚಿನ್ನದ ಓಲೆ ಆಗಿದ್ಯೇನಮ್ಮ?" ಎಂದರೆ, "ಅಳದೀದು ಆಗಿಲ್ಲ ಕಣಪ್ಪ, ಬೆಳ್ಳೀದು ಆಗೈತೆ" ಎನ್ನಬೇಕು. ಬೆಳ್ಳಿ ಎನ್ನಬಹುದಾಗಿತ್ತು, ಆ ವಂಶದಲ್ಲಿ ಬೆಳ್ಳಿಯ ಹೆಸರಿನ ಗಂಡು ಇನ್ನೂ ಹುಟ್ಟಿರಲಿಲ್ಲ. ಗಂಡನನ್ನು ಕರೆಯಲು ಪಾತ್ರೆಯ ಮುಚ್ಚಳ ಬಡಿಯಬೇಕು: ಊಟಕ್ಕೊಂದು ತಾಳ, ಗಿರಾಕಿಗೊಂದು ತಾಳ. ಒಮ್ಮೆ ಹಿತ್ತಲಿನಿಂದ ಕಳ್ಳ ನುಗ್ಗಿ ಚಿನ್ನಕ್ಕೆ ಕೈ ಹಾಕಿದಾಗ ವೆಂಕಟಮ್ಮ "ಅಳದಿ! ಅಳದಿ!" ಎಂದು ಬೀದಿಯಲ್ಲಿ ನಿಂತು ಕಿರುಚಿದರು. ಯಾರಿಗೋ ಕಾಮಾಲೆಯಾಗಿದೆಯೆಂದು ನೆರೆಯವರು ನೆಲನೆಲ್ಲಿ ಸೊಪ್ಪು ಹಿಡಿದು ಬಂದರು. ಕಳ್ಳ ನಿಧಾನವಾಗಿ ನಡೆದೇ ಹೋದ.

ಆ ವಿದ್ಯೆಯನ್ನು ವೆಂಕಟಮ್ಮ ಕಷ್ಟಪಟ್ಟು ಕಲಿತಿದ್ದರು. ಎಡವಿದಾಗ ಅತ್ತೆಯಿಂದ ಸೌಟಿನ ಪೆಟ್ಟು ತಿಂದಿದ್ದರು. ಪುಟ್ಟಗೌರಮ್ಮ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ಆ ಸೌಟು ಇನ್ನೂ ಗೋಡೆಯ ಗೂಟದಲ್ಲಿತ್ತು. ತಾನು ಪೆಟ್ಟು ತಿಂದು ಕಲಿತದ್ದನ್ನು ಇನ್ನೊಬ್ಬಳು ಒಂದು ಕ್ಯಾರಿಯರಿಗೋಸ್ಕರ ಬೀದಿಯಲ್ಲಿ ಚೆಲ್ಲಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಸಂಜೆ ಅವರು ಸೊಸೆಯ ಎದುರಿಗೆ ನಿಂತು, ಅವಳಿಗೆ ತಟ್ಟಬೇಕಾದ ಮಾತನ್ನೇ ಆಡಿದರು:

"ನನ್ ಅಡ್ಡಿಕೆ ನಿನ್ ಕತ್ತಿಗೆ ಬೀಳಕ್ಕಿಲ್ಲ. ತಿಳ್ಕೋ."

ಅಡ್ಡಿಕೆ ಎಂದರೆ ಕುತ್ತಿಗೆಗೆ ಅಪ್ಪಿಕೊಂಡು ಕೂರುವ ಹಳೆಯ ಕಾಲದ ಚಿನ್ನದ ಸರ. ಇದು ವೆಂಕಟಮ್ಮನ ತಾಯಿಯದು. ನಡುವೆ ಒಂದು ಪದಕ, ಪದಕದಲ್ಲಿ ಒಂದು ಕೆಂಪು. ಆ ಕೆಂಪಿನ ಕಲ್ಲಿಗೆ ಒಂದು ಮೂಲೆಯಲ್ಲಿ ನುಚ್ಚಕ್ಕಿಯಷ್ಟು ಮುಕ್ಕಿತ್ತು. ತಾಯಿ ಅದನ್ನು ಒಮ್ಮೆ ಒರಳಿನ ಮೇಲೆ ಬೀಳಿಸಿದ್ದಳು. ತಾಯಿ ಸಾಯುವಾಗ ಮಗಳ ಕೈಗೆ ಕೊಟ್ಟು, "ಗಂಡುಮಕ್ಕಳ ಪಾಲಲ್ಲ ಇದು, ಎಣ್ಣಿಂದ ಎಣ್ಣಿಗೆ ಓಗ್ಬೇಕು" ಎಂದಿದ್ದಳು. ವೆಂಕಟಮ್ಮನಿಗೆ ಹೆಣ್ಣು ಹುಟ್ಟಲಿಲ್ಲ. ಹುಟ್ಟಿದ್ದು ಸುಬ್ರಹ್ಮಣ್ಯನೊಬ್ಬ. ಆದ್ದರಿಂದ ಬರುವ ಗೌರಿಹಬ್ಬಕ್ಕೆ ಅದನ್ನು ಸೊಸೆಯ ಕೊರಳಿಗೆ ಹಾಕುವುದೆಂದು ನಿಶ್ಚಯವಾಗಿತ್ತು. ಮೆರುಗು ಕೊಡಲೆಂದು ಯುಗಾದಿಯ ಹೊತ್ತಿಗೇ ಚಿನ್ನಾಚಾರಿ ಅದನ್ನು ಹೆಂಡತಿಯ ಪೆಟ್ಟಿಗೆಯಿಂದ ಈಸಿಕೊಂಡಿದ್ದ.

ಈಗ ಅವರು ಗಂಡನ ಕುಲುಮೆಯ ಕೋಣೆಗೆ ಹೋಗಿ ಮುಚ್ಚಳ ಬಡಿದರು. ಊಟದ ತಾಳವೂ ಅಲ್ಲ, ಗಿರಾಕಿಯ ತಾಳವೂ ಅಲ್ಲ.

"ಅಡ್ಡಿಕೆ ಕೊಟ್ಬುಡಿ. ಮೆರುಗು ಬ್ಯಾಡ, ಏನೂ ಬ್ಯಾಡ. ನಾಗಮಂಗಲದಲ್ಲಿ ನನ್ ತಂಗಿ ಮಗಳವ್ಳೆ, ಅವ್ಳಿಗ್ ಕೊಡ್ತೀನಿ. ಎಸ್ರು ಕೂಗೋಳ್ಗೆ ಕೊಡಕ್ಕಿಲ್ಲ."

ಚಿನ್ನಾಚಾರಿ ಊದುಗೊಳವೆಯನ್ನು ಬಾಯಿಂದ ತೆಗೆದ. ಅವನ ಬಳಿಗೆ ಒಡವೆ ಮಾಡಿಸಲು ಬರುವವರು ಕಡಿಮೆಯಾಗಿ ಕಾಲವಾಗಿತ್ತು. ಜನ ಮೈಸೂರಿನ ಅಂಗಡಿಗೆ ಹೋಗಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಸಿದ್ಧ ಸರವನ್ನು ತಂದು, ಇವನ ಬಳಿ ಕೊಂಡಿ ಬಿಗಿ ಮಾಡಿಸಿಕೊಂಡು ಹೋಗುತ್ತಿದ್ದರು. ಅಣ್ಣ ಹೊನ್ನಾಚಾರಿ ಕೆ.ಆರ್.ಪೇಟೆಯಲ್ಲಿ ಅಂಗಡಿ ಮಾಡಿ, ಕೊಪ್ಪಲಿನ ಕಾಳಮ್ಮನ ಗುಡಿಗೆ ಹಿತ್ತಾಳೆಯ ಬಾಗಿಲು ಮಾಡಿಸಿ, ಅದರ ಮೇಲೆ ತನ್ನ ಹೆಸರನ್ನು ಗೇಣುದ್ದ ಕೆತ್ತಿಸಿದ್ದ. ಗುಡಿಗೆ ಕೈಮುಗಿಯಲು ಹೋದಾಗಲೆಲ್ಲ ತಮ್ಮ ಮೊದಲು ಓದಬೇಕಾಗಿದ್ದು ಆ ಹೆಸರನ್ನು.

"ಅಡ್ಡಿಕೆ ಎಲ್ಲೋಗ್ತದೆ ಬುಡು," ಎಂದ. "ಮೊದ್ಲು ಮರ್ವಾದೆ ಇಚಾರ ನೋಡು. ನಮ್ ಮನೆ ಸೊಸೆ ಬೀದೀಲಿ ಇಂಗ್ ಮಾಡವ್ಳೆ ಅಂದ್ರೆ ಸುಮ್ಕಿರಕಾಯ್ತದಾ? ಯಜಮಾನ್ರ ತಾವ ಯೋಳ್ತೀನಿ. ಗುಡೀಲಿ ಸೇರ್ಸನ."

ಹೆಂಡತಿಯ ಮಾತಿಗೆ ಗಂಡ ಇಷ್ಟು ಬೇಗ ಒಪ್ಪಿದ್ದು ಆ ಮನೆಯಲ್ಲಿ ಅದೇ ಮೊದಲು. ವೆಂಕಟಮ್ಮನಿಗೆ ಅನುಮಾನ ಬರಬೇಕಿತ್ತು. ಸಿಟ್ಟಿನಲ್ಲಿದ್ದುದರಿಂದ ಸಮಾಧಾನವಾಯಿತು.

ರಾತ್ರಿ ಬಸ್ಸಿಳಿದು ಬಂದ ಸುಬ್ರಹ್ಮಣ್ಯನಿಗೆ ಎರಡೂ ಕಡೆಯವರು ತಮ್ಮ ತಮ್ಮ ಪುರಾಣ ಹೇಳಿದರು. ಅವನು ಕ್ಯಾರಿಯರನ್ನು ತೊಳೆಯಲು ಹಾಕಿ, "ಒಂದ್ ತಪ್ಪಾಯ್ತು ಅಂದ್ಬುಟ್ರೆ ಮುಗ್ದೋಯ್ತದೆ" ಎಂದ.

"ನಿನಗೆ ಬೇಜಾರಾಯ್ತಾ, ನಾನು ಕರೆದದ್ದು?" ವೀಣ ಕೇಳಿದಳು.

"ನಂಗೇನೂ ಇಲ್ಲ."

"ಹಾಗಾದ್ರೆ ಅದನ್ನ ಅಲ್ಲಿ ಹೇಳು."

"ಅಲ್ಲೆಲ್ಲಾ ಯಾಕೆ?" ಎಂದು ಅವನು ಮಗ್ಗುಲು ಬದಲಾಯಿಸಿದ. ಮಗ್ಗುಲು ಬದಲಾಯಿಸುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು.

ಶ್ರಾವಣದ ಕೊನೆಯ ಶುಕ್ರವಾರ ಗುಡಿಯ ಅಂಗಳದಲ್ಲಿ ಕುಲ ಸೇರಿತು. ಎರಡು ಕೆಲಸ ಒಂದೇ ಖರ್ಚಿನಲ್ಲಿ ಆಗಲಿ ಎಂದು ಯಜಮಾನ ಚಿಕ್ಕಸ್ವಾಮಿ ಅದೇ ದಿನವನ್ನು ಗೊತ್ತು ಮಾಡಿದ್ದ: ಮೊದಲು ದೇವಿಗೆ ಹೊಸ ಒಡವೆಯೊಂದರ ಅರ್ಪಣೆ, ಆಮೇಲೆ ಸೊಸೆಯ ವಿಚಾರಣೆ. ಚಿಕ್ಕಸ್ವಾಮಿಯ ಅಪ್ಪ ನೇಗಿಲಿನ ಕುಳ ತಟ್ಟುತ್ತಿದ್ದ ಕಮ್ಮಾರ, ಇವನದು ಕೆ.ಆರ್.ಪೇಟೆ ರಸ್ತೆಯಲ್ಲಿ ವೆಲ್ಡಿಂಗ್ ಶಾಪು. ಟ್ರಾಕ್ಟರಿನ ಟ್ರೇಲರುಗಳನ್ನು ಬೆಸೆಯುತ್ತಾನೆ. ಸಂಸಾರಗಳನ್ನೂ ಹಾಗೆಯೇ ಬೆಸೆಯಬಹುದು ಎಂಬುದು ಅವನ ನಂಬಿಕೆ. ಮೈಕು ತರಿಸಿದ್ದ. ಒಂದು ಹೆಸರನ್ನು ಜೋರಾಗಿ ಕೂಗಿದ ಅಪರಾಧದ ವಿಚಾರಣೆಗೆ ಮೈಕು ಏಕೆ ಎಂದು ಯಾರೂ ಕೇಳಲಿಲ್ಲ.

ಗಂಡಸರು ಜಮಖಾನದ ಮೇಲೆ, ಹೆಂಗಸರು ಕಂಬದ ಆಚೆ. ವೀಣ ಹೆಂಗಸರ ಮುಂದೆ, ಅತ್ತೆಗೆ ಎರಡು ಮಾರು ದೂರದಲ್ಲಿ ಕೂತಿದ್ದಳು.

ಚಿಕ್ಕಸ್ವಾಮಿ ಮೈಕನ್ನು ಊದಿ ನೋಡಿ ಶುರು ಮಾಡಿದ.

"ನೋಡ್ರಪ್ಪಾ, ಇವತ್ತು ನಮ್ಮ ಕುಲಕ್ಕೆ ಒಳ್ಳೆ ದಿನ. ತಾಯಿಗೆ ಚಿನ್ನದ ಅಣೆಪಟ್ಟಿ ಬಂದೈತೆ. ಸ್ವಂತ ಕೈಯಿಂದ ಮಾಡಿ, ಸ್ವಂತ ಚಿನ್ನ ಆಕಿ, ತಾಯಿಗೆ ಒಪ್ಪುಸ್ತಾ ಇರೋರು ಯಾರಪ್ಪಾ ಅಂದ್ರೆ, ನಮ್ಮ ಚಿನ್ನಾಚಾರ್ರು!"

ಚಪ್ಪಾಳೆ. ಚಿನ್ನಾಚಾರಿ ಎದ್ದು ಕೈಮುಗಿದು ಕೂತ. ಕೂರುವಾಗ ಅಣ್ಣನ ಹಿತ್ತಾಳೆ ಬಾಗಿಲಿನ ಕಡೆಗೆ ಒಮ್ಮೆ ನೋಡಿದ.

ವೆಂಕಟಮ್ಮ ಆಶ್ಚರ್ಯದಿಂದ ತಲೆ ಎತ್ತಿದರು. ಮನೆಯಲ್ಲಿ ಇಂಥ ಮಾತೇ ನಡೆದಿರಲಿಲ್ಲ. ಅರ್ಚಕರು ಹಣೆಪಟ್ಟಿಯನ್ನು ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಎಲ್ಲರೂ ಕಣ್ಣಿಗೊತ್ತಿಕೊಳ್ಳಲಿ ಎಂದು ಸಾಲಿನಲ್ಲಿ ತಂದರು. ಗಂಡಸರು ಮುಗಿದ ಮೇಲೆ ಹೆಂಗಸರ ಕಡೆ ಬಂತು. ವೆಂಕಟಮ್ಮ ಕೈ ಚಾಚಿದರು. ಅಂಚಿನಲ್ಲಿ ಅಕ್ಷರಗಳಿದ್ದವು. ಮೂರನೆಯ ತರಗತಿಯವರೆಗೆ ಓದಿದ್ದ ಅವರು ಒಂದೊಂದೇ ಅಕ್ಷರ ಕೂಡಿಸಿದರು. 'ಚಿ' ಎಂದು ಓದಿ ನಿಲ್ಲಿಸಿದರು. ಮುಂದಿನದನ್ನು ಮನಸ್ಸಿನಲ್ಲೂ ಓದುವಂತಿರಲಿಲ್ಲ.

ಕಣ್ಣು ಅಕ್ಷರದಿಂದ ಜಾರಿ ನಡುವಿಗೆ ಬಂತು. ಹಣೆಯ ಬೊಟ್ಟಿನ ಜಾಗದಲ್ಲಿ ಒಂದು ಕೆಂಪು. ಅದರ ಮೂಲೆಯಲ್ಲಿ ನುಚ್ಚಕ್ಕಿಯಷ್ಟು ಮುಕ್ಕು. ಹೊಸ ಕಲ್ಲು ತರುವಷ್ಟೂ ಧಾರಾಳವಾಗಿರಲಿಲ್ಲ ಭಕ್ತಿ.

ತಟ್ಟೆ ಮುಂದಕ್ಕೆ ಹೋಗಲಿಲ್ಲ. ವೆಂಕಟಮ್ಮ ಅದರ ಅಂಚನ್ನು ಹಿಡಿದಿದ್ದರು.

"ಬಿಡಿ ತಾಯಿ, ಆಚೆಯವರೂ ನೋಡ್ಲಿ," ಎಂದರು ಅರ್ಚಕರು.

"ಇದು ನಂದು."

"ಎಲ್ರದ್ದೂ ತಾಯಿ. ದೇವರ ಸೊತ್ತು ಎಲ್ರದ್ದೂ."

"ಅದಲ್ಲಾ ಸ್ವಾಮಿ. ಇದು ನಮ್ಮವ್ವಂದು. ನನ್ ಅಳದಿ ಇದು. ಅಳದಿ ಕರಗ್ಸ್‌ಬುಟ್ಟವ್ರೆ. ಇವ್ರು, ಸುಬ್ರಮಣ್ಯನ್ ಅಪ್ಪ, ನನ್ ಅಳದಿ ತಕ್ಕೊಂಡೋಗಿ..."

"ಅರಿಶಿನ ಬೇಕೇನಮ್ಮ? ತಕೋ," ಎಂದು ಅರ್ಚಕರು ಒಂದು ಚಿಟಿಕೆ ಅರಿಶಿನವನ್ನು ಅವರ ಅಂಗೈಗೆ ಹಾಕಿದರು.

ವೆಂಕಟಮ್ಮ ಅಂಗೈಯಲ್ಲಿದ್ದ ಅರಿಶಿನವನ್ನು ನೋಡಿದರು. ಅಷ್ಟು ಹೊತ್ತಿಗೆ ಜಮಖಾನದಿಂದ ಯಾರೋ, "ಏನಂತ್ಲಾ ಅದು?" ಎಂದರು. ಇನ್ಯಾರೋ, "ಅಳದಿ ಅಂತಾವ್ರೆ ಕಣ್ಲಾ. ಕಾಮಾಲೆ ಇರ್ಬೇಕು. ಬಿಸ್ಲಲ್ಲಿ ಕೂರುಸ್ಬ್ಯಾಡಿ," ಎಂದರು.

"ಕಾಮಾಲೆ ಬಂದಿರಾದು ನಿಮ್ ಕಣ್ಣಿಗೆ!" ವೆಂಕಟಮ್ಮ ಎದ್ದು ನಿಂತರು. "ನನ್ ಅಳದಿ ಅಂದ್ರೆ, ಕತ್ತಿಗ್ ಆಕ್ಕೊಳೋ ಅಳದಿ! ಅಯ್ಯೋ, ಒರೆಗೆ ಉಜ್ತಾರಲ್ಲಾ ಅದು!"

ಗಂಡಸರು ಮುಖ ಮುಖ ನೋಡಿಕೊಂಡರು. ಚಿನ್ನಾಚಾರಿ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಆ ಅಂಗಳದಲ್ಲಿ ಆ ಭಾಷೆ ಪೂರ್ತಿ ಅರ್ಥವಾಗುತ್ತಿದ್ದ ಗಂಡಸರು ಅವನು, ಅವನ ಮಗ ಮತ್ತು ಹಿರಿಯರ ಜೊತೆ ಕೂತಿದ್ದ ಅವನ ಅಣ್ಣ.

"ಯಜಮಾನ್ರೇ," ಎಂದು ಚಿನ್ನಾಚಾರಿ ಮೆಲ್ಲಗೆ ಹೇಳಿದ, "ಸೊಸೆ ಮಾಡಿದ್ ಕೆಲ್ಸುಕ್ಕೆ ತಲೆ ಕೆಟ್ಟೋಗೈತೆ ಇವ್ಳಿಗೆ. ಮೊದ್ಲು ಆ ಇಚಾರ ತಕೊಳ್ಳಿ."

ಚಿಕ್ಕಸ್ವಾಮಿಗೂ ಅದೇ ಬೇಕಿತ್ತು. "ಕೂತ್ಕೊಳ್ಳವ್ವ ವೆಂಕಟಮ್ಮ. ನಿನ್ ಕಂಪ್ಲೇಂಟೇ ತಕೊತಾ ಇವ್ನಿ. ಏನಮ್ಮಾ ವೀಣ, ಎದ್ನಿಲ್ಲು. ಗಂಡನ್ ಎಸ್ರು ಕೂಗಿದ್ದು ನಿಜ್ವಾ?"

ವೀಣ ಎದ್ದಳು. ಅವಳು ಯಜಮಾನನ ಕಡೆಗೆ ನೋಡಲಿಲ್ಲ. ಅತ್ತೆಯ ಅಂಗೈಯಲ್ಲಿದ್ದ ಅರಿಶಿನವನ್ನೂ, ತಟ್ಟೆಯಲ್ಲಿದ್ದ ಕೆಂಪನ್ನೂ ನೋಡಿದಳು. ಮದುವೆಯ ಹೊಸದರಲ್ಲಿ ಪೆಟ್ಟಿಗೆ ತೆರೆದು ಅತ್ತೆ ಅವಳಿಗೆ ಆ ಅಡ್ಡಿಕೆಯನ್ನು ತೋರಿಸಿದ್ದರು. ಮುಕ್ಕನ್ನೂ, ಒರಳಿನ ಕತೆಯನ್ನೂ. ಅವತ್ತು ಇಬ್ಬರೂ ನಕ್ಕಿದ್ದರು.

"ಅತ್ತೆ ಹೇಳ್ತಿರೋದು ಚಿನ್ನದ ವಿಚಾರ," ಎಂದಳು. "ಹಳದಿ ಅಂದ್ರೆ ನಮ್ಮನೇಲಿ ಚಿನ್ನ. ಆ ಹಣೆಪಟ್ಟಿ ಅವರ ಅಡ್ಡಿಕೆ. ಮೆರುಗು ಹಾಕ್ತೀನಿ ಅಂತ ಮಾವ ತಗೊಂಡದ್ದು. ಹೇಳದೆ ಕರಗಿಸಿದ್ದಾರೆ."

"ನಿನ್ನ ಕೇಳ್ದಷ್ಟು ಯೋಳಮ್ಮಿ! ತಪ್ಪು ಮಾಡಿ ನಿಂತಿರೋಳು ನೀನು!" ಚಿಕ್ಕಸ್ವಾಮಿ ಮೈಕಿನಲ್ಲೇ ಗದರಿದ. ಅದು ಕೊಪ್ಪಲಿನಾಚೆ ರಾಗಿ ಹೊಲದಲ್ಲಿದ್ದವರಿಗೂ ಕೇಳಿಸಿತು.

ವೀಣ ಜಮಖಾನದ ಕಡೆಗೆ ತಿರುಗಿದಳು.

"ಸುಬ್ರಹ್ಮಣ್ಯ, ನಿನಗೆ ಗೊತ್ತಿತ್ತಾ?"

ಈ ಸಲ ಮೂರು ತಲೆಗಳು ಏಳಲಿಲ್ಲ. ಇದ್ದ ಸುಬ್ರಹ್ಮಣ್ಯರೆಲ್ಲ ತಲೆ ತಗ್ಗಿಸಿದರು. ಸರಿಯಾದವನು ಜಮಖಾನದ ದಾರ ಕೀಳುತ್ತಾ ಕೂತಿದ್ದ. ಹೆಸರು ಕೂಗಿದ್ದಕ್ಕೆ ನಡೆಯುತ್ತಿದ್ದ ವಿಚಾರಣೆಯಲ್ಲೇ ಅವಳು ಮತ್ತೆ ಹೆಸರು ಕೂಗಿದ್ದಳು. ಯಾರಿಗೂ ಅದನ್ನು ಎತ್ತಿ ತೋರಿಸಬೇಕೆಂದು ಹೊಳೆಯಲಿಲ್ಲ.

"ಕೇಳ್ತಾ ಇದ್ದೀನಿ. ಗೊತ್ತಿತ್ತಾ?"

"ಅಪ್ಪ ತೋರ್ಸಿದ್ರು," ಎಂದ ಸುಬ್ರಹ್ಮಣ್ಯ. "ಕರಗ್ಸಿದ್ ಗಟ್ಟೀನ ಒರೆಗ್ ಉಜ್ಜಿ ನೋಡು ಅಂದ್ರು. ನೋಡ್ದೆ. ಒಳ್ಳೆ ಮಾಲು." ಇನ್ನೊಂದು ದಾರ ಕಿತ್ತು ಸೇರಿಸಿದ: "ದೇವ್ರಿಗೆ ತಾನೇ ಅಂತ ಸುಮ್ನಾದೆ."

ಅದುವರೆಗೆ ವೆಂಕಟಮ್ಮನ ಸಿಟ್ಟಿಗೆ ಒಂದೇ ದಿಕ್ಕಿತ್ತು. ಈಗ ಅದಕ್ಕೆ ಮನೆಯ ಎಲ್ಲ ಗೋಡೆಗಳೂ ಸಿಕ್ಕವು. ಅಂಗೈಯ ಅರಿಶಿನವನ್ನು ಜಮಖಾನದ ಮೇಲೆ, ಮಗನ ಮುಂದೆ ಕೊಡವಿದರು. ಕಂಬವನ್ನು ದಾಟಿ ಗಂಡಸರ ಕಡೆಗೆ ಬಂದರು. ಆ ಕಂಬವನ್ನು ಹೆಂಗಸರು ದಾಟಿದ ಉದಾಹರಣೆ ಯಾರಿಗೂ ನೆನಪಿರಲಿಲ್ಲ. ಬಾಯಿ ತೆರೆದರು. ಗಂಟಲಲ್ಲಿ ಪುಟ್ಟಗೌರಮ್ಮನ ಸೌಟು ಅಡ್ಡ ಇತ್ತು.

"ಚಿನ್ನ," ಎಂದರು.

ಹೆಂಗಸರ ಸಾಲಿನಲ್ಲಿ ಯಶೋದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಚಿನ್ನ! ಬಂಗಾರ! ಒನ್ನು! ಕೇಳುಸ್ತೇನ್ರೋ? ಮೂರೂ ಯೋಳಿವ್ನಿ. ನನ್ ನಾಲ್ಗೆ ಬಿದ್ದೋಯ್ತಾ ನೋಡಿ! ಲೋ ಚಿನ್ನಾಚಾರಿ! ನನ್ ಚಿನ್ನ ಕದ್ದು ನಿನ್ ಎಸ್ರು ಬರ್ಕೊಂಡ್ಯೇನ್ಲಾ?"

ಗುಡಿಯ ಗಂಟೆಯ ಕೆಳಗೆ ಮಲಗಿದ್ದ ನಾಯಿ ಎದ್ದು ಹೊರಗೆ ಹೋಯಿತು.

"ವೆಂಕಟಾ, ದೇವ್ರ ಮುಂದೆ..." ಚಿನ್ನಾಚಾರಿ ಎದ್ದ. ಅವನು ಹೆಂಡತಿಯನ್ನು ಹೆಸರು ಹಿಡಿದೇ ಕರೆಯುತ್ತಿದ್ದ. ಅದಕ್ಕೆ ಯಾವ ಕಾಲದಲ್ಲೂ ಯಾವ ಅಡ್ಡಿಯೂ ಇರಲಿಲ್ಲ. "ದೇವ್ರಿಗೆ ತಾನೇ ಕೊಟ್ಟಿದ್ದು. ನಾನೇನ್ ಕುಡ್ದು ಆಳ್ ಮಾಡ್ದ್ನಾ? ಇಸ್ಪೀಟಾಡ್ದ್ನಾ?"

"ಕುಡ್ದಿದ್ರೆ ಕುಡುಕ ಅಂದು ಸುಮ್ಕಾಗ್ತಿದ್ದೆ! ದೇವ್ರಿಗೆ ಕೊಡ್ಬೇಕು ಅಂತಿದ್ರೆ ನನ್ನ ಕೇಳಕ್ಕೆ ಬಾಯಿರ್ನಿಲ್ವಾ ನಿಂಗೆ? ನಂಗಂತೂ ಇರ್ನಿಲ್ಲ. ನಿಮ್ಮವ್ವ ಸೌಟಲ್ಲಿ ಬಡ್ದು ಮುಚ್ಚುಸುದ್ಲು. ಗಂಡನ್ ಕರಿಯಕ್ಕೆ ಮುಚ್ಚಳ ಬಡ್ಕೊಂಡ್ ಬದುಕ್ದೆ. ಕಳ್ಳ ಬಂದ್ರೂ ಕೂಗಕ್ಕೆ ಬರ್ನಿಲ್ಲ. ಯಾಕ್ ಕಲ್ಸುದ್ರು ಅಂತ ಈಗ್ ಗೊತ್ತಾಯ್ತು. ಕಳ್ಳ ಮನೇಲೇ ಅವ್ನಲ್ಲಾ, ಅದ್ಕೆ!"

"ಸಮಾಧಾನ ಸಮಾಧಾನ," ಎಂದ ಚಿಕ್ಕಸ್ವಾಮಿ. ಬೆಸುಗೆ ಎಲ್ಲಿಂದ ಬಿಟ್ಟಿದೆಯೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ಪಕ್ಕದ ಹಿರಿಯರ ಕಿವಿಯಲ್ಲಿ ಪಿಸುಗುಟ್ಟಿದ. ಅವರು ಇವನ ಕಿವಿಯಲ್ಲಿ ಪಿಸುಗುಟ್ಟಿದರು. ಮೈಕು ಇನ್ನೂ ಚಾಲೂ ಇದ್ದುದರಿಂದ ಎರಡೂ ಪಿಸುಮಾತು ಕೊಪ್ಪಲಿಗೆಲ್ಲ ಕೇಳಿತು. ಒಂದು, 'ಏನ್ ಮಾಡನ ಈಗ.' ಇನ್ನೊಂದು, 'ಊಟಕ್ಕೆ ಒತ್ತಾಯ್ತು.'

ಕಡೆಗೆ ಚಿಕ್ಕಸ್ವಾಮಿ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದ.

"ನೋಡವ್ವ. ಕೇಳ್ದಲೆ ತಕೊಂಡಿದ್ದು ಚಿನ್ನಾಚಾರ್ರ ತಪ್ಪು. ಒಪ್ಪುದ್ವಿ. ಆದ್ರೆ ಅಮ್ಮನ್ ಅಣೆಗೆ ಅಂತ ಪೂಜೆ ಆದ್ ಮೇಲೆ ವಾಪಸ್ ಕೊಡಾ ಪದ್ಧತಿ ಇಲ್ಲ. ಇನ್ನು ನೀವ್ ಅತ್ತೆ ಸೊಸೆ ಇಬ್ರೂ ಗುಡೀಲೇ ಗಂಡನ್ ಎಸ್ರು ಕೂಗಿದ್ದೀರಿ. ಒಂದೊಂದ್ ಕಾ‌ಯಿ ಒಡ್ದು ತಪ್ಪಾಯ್ತು ಅಂದ್ಬುಡಿ. ಅಲ್ಲಿಗೆ ಸರಿಗೆ ಸರಿ."

"ಪದ್ಧತಿ ಇಲ್ವಾ?"

"ಇಲ್ಲ ಕಣವ್ವ."

"ಗಂಡನ್ ಎಸ್ರು ಎಂಡ್ತಿ ಬಾಯಲ್ಲಿ ಬರಾ ಪದ್ಧತೀನೂ ಇಲ್ಲ, ಅಲ್ವಾ?"

"ಇಲ್ಲ. ಅದ್ಕೇ ತಾನೇ ಕಾಯಿ ಒಡೀರಿ ಅಂದಿದ್ದು."

"ಸರಿ. ಒಡಿತೀನಿ," ಎಂದರು ವೆಂಕಟಮ್ಮ. "ಇವ್ನ್ ಎಸ್ರು ನನ್ ಬಾಯಲ್ಲಿ ಬರಂಗಿಲ್ಲ ಅಂದ್ರೆ, ನನ್ ಚಿನ್ನದ್ ಮೇಲೂ ಬರಂಗಿಲ್ಲ. ಮೊದ್ಲು ಅದನ್ನ ಅಳುಸ್ಲಿ. ಇಲ್ಲೇ. ನನ್ ಕಣ್ ಮುಂದೆ. ಆಮೇಲೆ ಕಾಯಿ."

ಚಿಕ್ಕಸ್ವಾಮಿ ಹಿರಿಯರ ಕಡೆ ನೋಡಿದ. ಪದ್ಧತಿಯ ಮಾತಿಗೆ ಪದ್ಧತಿಯ ಮಾತೇ ಎದುರು ನಿಂತಿತ್ತು. ಹಿರಿಯರ ಪೈಕಿ ಹೊನ್ನಾಚಾರಿಯೂ ಇದ್ದ. ತಮ್ಮನ ಹೆಸರು ಅಳಿಸುವ ಸಲಹೆಗೆ ಮೊದಲು ತಲೆಯಾಡಿಸಿದವನು ಅವನೇ.

ಯಾರೋ ಮನೆಗೆ ಓಡಿ ಅರ ತಂದುಕೊಟ್ಟರು. ಚಿನ್ನಾಚಾರಿ ಜಮಖಾನದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಉಜ್ಜತೊಡಗಿದ. ಅಪ್ಪ ಬಂಗಾರಾಚಾರಿಯ ಕಾಲದ ಅರ. ಚೂರು ವ್ಯರ್ಥವಾಗದಿರಲೆಂದು ಕೆಳಗೆ ಒಂದು ಬಟ್ಟೆ ಹಾಸಿಕೊಂಡ. ಅಂಥ ಹೊತ್ತಿನಲ್ಲೂ ಕಸುಬು ಮರೆಯಲಿಲ್ಲ. ವೆಂಕಟಮ್ಮ ಅವನ ತಲೆಯ ಮೇಲೆಯೇ ನಿಂತಿದ್ದರು. ವೀಣ ಬಂದು ಅವರ ಪಕ್ಕದಲ್ಲಿ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಆ ಪುಡಿ ಇತ್ಲಾಗ್ ಕೊಡು," ಎಂದರು ವೆಂಕಟಮ್ಮ. ಚಿನ್ನಾಚಾರಿ ಬಟ್ಟೆಯನ್ನು ಮಡಿಸಿ ಮೇಲಕ್ಕೆ ಚಾಚಿದ. ಅವರು ಅದನ್ನು ತಾವು ಇಟ್ಟುಕೊಳ್ಳದೆ ಸೊಸೆಯ ಕೈಗೆ ಕೊಟ್ಟರು. ಚಿಟಿಕೆಯಷ್ಟಿತ್ತು.

"ಈಗ ಬೇರೆ ಎಸ್ರು ಆಕ್ಬೇಕಲ್ಲ," ಎಂದರು. "ಚಿನ್ನ ಕೊಟ್ಟೋರ್ದು. ವೆಂಕಟಮ್ಮ ಅಂತ ಬರೀಲಿ. ಇಲ್ಲಾ, ನಮ್ಮವ್ವನ್ ಎಸ್ರು ಬರೀಲಿ."

"ಎಣ್ಣೆಂಗ್ಸಿನ್ ಎಸ್ರಾ?" ಎಂದ ಹಿರಿಯರಲ್ಲೊಬ್ಬ.

"ಕೂತಿರಾಳೂ ಎಣ್ಣೇ ಅಲ್ವೇನಪ್ಪಾ ಒಳ್ಗೆ?" ಎಂದರು ವೆಂಕಟಮ್ಮ, ಗರ್ಭಗುಡಿಯ ಕಡೆಗೆ ಕೈ ತೋರಿಸಿ.

ಉತ್ತರವಿಲ್ಲದ ಪ್ರಶ್ನೆಗಳಿಗೆ ಹಿರಿಯರು ಬಳಸುವ ಮಾತನ್ನು ಚಿಕ್ಕಸ್ವಾಮಿ ಬಳಸಿದ: "ಮುಂದಿನ್ ಸಭೆಗೆ ನೋಡನ ಬುಡವ್ವ." ಮೈಕು ಆರಿಸಿದ. ಕಾಯಿಯ ಮಾತೂ ಅದರ ಜೊತೆಗೇ ಮುಂದಕ್ಕೆ ಹೋಯಿತು. ಊಟಕ್ಕೆ ಎಲೆ ಹಾಕಿದರು.

ಗೌರಿಹಬ್ಬ ಬಂತು, ಹೋಯಿತು. ವೀಣಳ ಕೊರಳಿಗೆ ಏನೂ ಬೀಳಲಿಲ್ಲ. ವೆಂಕಟಮ್ಮ ಗೂಟದಿಂದ ಸೌಟನ್ನು ತೆಗೆದು ಹಳೆಯ ಪಾತ್ರೆಯವನಿಗೆ ಹಾಕಿದರು. ಮನೆಯಲ್ಲಿ ಮುಚ್ಚಳದ ತಾಳ ನಿಂತಿತು. ಊಟಕ್ಕೆ, ಗಿರಾಕಿಗೆ, ಏನೂ ಕೆಲಸವಿಲ್ಲದಾಗಲೂ, "ಚಿನ್ನಾಚಾರೀ!" ಎಂಬ ಕೂಗು ಬೀದಿಯ ಆ ತುದಿಗೆ ಕೇಳುತ್ತಿತ್ತು. ಕೂಗಿನಲ್ಲಿ ಪ್ರೀತಿ ಇರಲಿಲ್ಲ. ಚಿನ್ನಾಚಾರಿ ಪ್ರತಿ ಸಲವೂ ಬೆಚ್ಚಿಬಿದ್ದು ಎದ್ದು ಬರುತ್ತಿದ್ದ. ವೀಣ ಗಂಡನನ್ನು ಕರೆಯುವುದನ್ನೇ ಬಿಟ್ಟಳು. ಕ್ಯಾರಿಯರು ಜಗಲಿಯ ಮೇಲೆ ಉಳಿದರೆ ಉಳಿಯಿತು.

ಮುಂದಿನ ಸಭೆ ಸೇರಿತು. ಅದರ ಮುಂದಿನದೂ ಸೇರಿತು. ಹಣೆಪಟ್ಟಿ ಕಾಳಮ್ಮನ ಹಣೆಯ ಮೇಲಿದೆ. ಅಂಚಿನಲ್ಲಿ ಉಜ್ಜಿದ ಗುರುತಿದೆ. ಅಲ್ಲಿ ಯಾವ ಹೆಸರನ್ನೂ ಹಾಕಿಲ್ಲ.